ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬು

ನನ್ನ ಅತ್ತೆಗೆ ಒಂದು ಕೆಲಸ ಹೇಳಿದರೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾರೆ, ಮೇಲೆ ತಮ್ಮದೂ ಒಂದು ಸೇರಿಸುತ್ತಾರೆ. ಬದನೆಕಾಯಿ ತನ್ನಿ ಅಂದರೆ ಬದನೆಕಾಯಿಯ ಜೊತೆಗೆ ಒಂದು ಕಟ್ಟು ದಂಟಿನಸೊಪ್ಪೂ ಬರುತ್ತದೆ. ಬಟ್ಟೆ ಒಣಹಾಕಿ ಅಂದರೆ ಒಣಹಾಕಿ, ನನ್ನ ಹಳೇ ರವಿಕೆಗೆ ಬಿಟ್ಟುಹೋದ ಹೊಲಿಗೆಯನ್ನೂ ಹಾಕಿಟ್ಟಿರುತ್ತಾರೆ. ಮದುವೆಯಾದ ಹೊಸದರಲ್ಲಿ ಇದು ನನಗೆ ಬಲು ಕಿರಿಕಿರಿ. ಈಗ ಆ ಗುಣಕ್ಕೆ ನಾನು ಕೈ ಮುಗಿಯುತ್ತೇನೆ. ನಾನು ವರ್ಷಗಟ್ಟಲೆ ಮಾಡಿದ ಸಂಶೋಧನೆಯಲ್ಲಿದ್ದ ತಪ್ಪನ್ನು ಹಿಡಿದುಕೊಟ್ಟದ್ದು ಅದೇ. ಆದರೆ ಅದಕ್ಕೆ ಮುಂಚೆ ಅತ್ತೆ ಒಂದು ವಾರ ಒಳಗೊಳಗೇ ಬೆಂದರು, ಅದಕ್ಕೆ ಕಾರಣ ನಾನು. ಅದನ್ನು ಬರೆಯದೆ ಬರೀ ತಮಾಷೆಯ ಭಾಗವನ್ನಷ್ಟೇ ಬರೆದರೆ ನನಗೇ ಸರಿಬರುವುದಿಲ್ಲ.

ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ವಾರದಲ್ಲಿ ಎರಡು ದಿನ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಹೋಗಿ ಪಿಎಚ್‌ಡಿ ಕೆಲಸ ಮಾಡುತ್ತಿದ್ದೆ. ನೀರಿನಲ್ಲಿ ವಿಷದ ಪಾದರಸ ಕರಗಿದ್ದರೆ ಬಣ್ಣದಿಂದ ತಿಳಿಸುವ ಒಂದು ಕಾಗದದ ಪಟ್ಟಿ ತಯಾರಿಸುವುದು ನನ್ನ ಕೆಲಸ. ಪಟ್ಟಿಗೆ ಸವರಿರುವ ವಸ್ತುವಿಗೆ ತಾನಾಗಿ ಬಣ್ಣವಿಲ್ಲ. ಪಾದರಸ ಬಂದು ತಗುಲಿದರೆ ಅದರ ಅಣು ಮುಚ್ಚಿದ ಕೊಡೆ ಬಿಚ್ಚಿದಂತೆ ಬಿಚ್ಚಿಕೊಂಡು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕತ್ತಲಲ್ಲಿ ಅದರ ಮೇಲೆ ನೇರಳಾತೀತ ಬೆಳಕಿನ ಟಾರ್ಚ್ ಬಿಟ್ಟರೆ ಕೆಂಡದ ಹಾಗೆ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ಬಣ್ಣ ಒಂದು ಸಾಕ್ಷಿ, ಬೆಳಕು ಇನ್ನೊಂದು. ಎರಡನ್ನೂ ಕೇಳಬೇಕು ಅಂತ ನನ್ನ ಗೈಡ್ ತಲೆ ಚಿಟ್ಟುಹಿಡಿಯುವಷ್ಟು ಸಲ ಹೇಳಿದ್ದರು.

ಇದನ್ನೆಲ್ಲ ಒಮ್ಮೆ ಅತ್ತೆಗೆ ವಿವರಿಸಲು ಕೂತಿದ್ದೆ. ಅವರು ಹಸುವಿನ ಹಿಂಡಿ ಕಲೆಸುತ್ತಾ ಪೂರ್ತಿ ಕೇಳಿಸಿಕೊಂಡು, ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಗಾಗುವುದಿಲ್ಲವೇ, ಹಾಗೆ ತಾನೆ ಅಂದರು. ಆರತಿಯ ನೀರು ಕಲೆಸುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿರುವ ಸಂಗತಿ. ನಾನು ಹದಿನೈದು ಸ್ಲೈಡುಗಳಲ್ಲಿ ಹೇಳುತ್ತಿದ್ದುದನ್ನು ಅವರು ಹಿಂಡಿಯ ಕೈಯಲ್ಲೇ ಮುಗಿಸಿದ್ದರು. ಅವತ್ತು ನನಗೆ ಸ್ವಲ್ಪ ಮುಖಭಂಗವಾಯಿತು ಅನ್ನುವುದು ನಿಜ.

ಅತ್ತೆ ಇರುವುದು ಮೈಸೂರು ಮೈನ್ಸ್ ಅನ್ನುವ ಹಳೇ ಚಿನ್ನದ ಗಣಿ ದಾಟಿ ಬೇತಮಂಗಲದ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ. ಎರಡು ಹಸು, ಒಂದು ತುಂಡು ಹೊಲ, ಮನೆಯ ಹಿಂದೆ ಒಂದು ಸೇದುವ ಬಾವಿ. ಮಾವ ಗಣಿಯ ಮಿಲ್ಲಿನಲ್ಲಿ ದಿನಗೂಲಿಗೆ ಇದ್ದರಂತೆ. ಕಲ್ಲು ಪುಡಿಮಾಡಿ, ಪುಡಿಯಲ್ಲಿರುವ ಚಿನ್ನ ಹಿಡಿಯಲು ಅಲ್ಲಿ ಪಾದರಸ ಬಳಸುತ್ತಿದ್ದರು. ನಾನು ಈ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ ಅವರು ತೀರಿಕೊಂಡಿದ್ದರು. ನಾನು ಅವರನ್ನು ನೋಡಿರುವುದು ಫೋಟೋದಲ್ಲಿ ಮತ್ತು ಆ ಬಾವಿಯಲ್ಲಿ. ಪಾಳಿ ಮುಗಿಸಿ ಬಂದು ಅವರು ಅಗೆಯುವುದು, ಅತ್ತೆ ಮಣ್ಣು ಹೊರುವುದು, ಹೀಗೆ ಇಬ್ಬರೇ ಸೇರಿ ತೋಡಿದ ಬಾವಿ ಅದು. ಸುತ್ತಲಿನ ಬಾವಿಗಳೆಲ್ಲ ಬತ್ತಿ ಕಸದ ಗುಂಡಿಯಾದರೂ ಇದರಲ್ಲಿ ಇನ್ನೂ ನೀರಿದೆ. ಊರಿಗೆಲ್ಲ ಫಿಲ್ಟರ್ ನೀರು ಬಂದ ಮೇಲೂ ಅತ್ತೆ ಅದಕ್ಕೆ ಮೂಗು ಮುರಿಯುತ್ತಾರೆ. ಅದು ಸತ್ತ ನೀರಂತೆ.

ನನ್ನ ಪಟ್ಟಿಯನ್ನು ನಿಜವಾದ ನೀರಿನಲ್ಲಿ ಪರೀಕ್ಷಿಸುವ ಕಾಲ ಬಂತು. ಕೆರೆಯದು, ನಲ್ಲಿಯದು, ಬೋರಿನದು ಅಂತ ನೀರು ಒಟ್ಟುಮಾಡಿದೆ. ಇವೆಲ್ಲದರ ಪಕ್ಕದಲ್ಲಿ ಇಡಲು ಒಂದು ಅಪ್ಪಟ ನೀರು ಬೇಕಿತ್ತು. ನಾನು ಹಿಂದೆಮುಂದೆ ನೋಡದೆ ಅತ್ತೆಯ ಬಾವಿಯನ್ನು ಆರಿಸಿದೆ. ನಮ್ಮ ಮನೆಯ ಬಾವಿ ಪ್ರಬಂಧದಲ್ಲಿ ಬರಲಿ ಅನ್ನುವ ಜಂಬವೂ ಅದರಲ್ಲಿ ಇತ್ತು. ಒಂದು ಹೊಸ ಪ್ಲಾಸ್ಟಿಕ್ ಬಾಟಲಿ ಕೊಟ್ಟು, ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ನಾಲ್ಕನೇ ಸಲ ಕಂಠದವರೆಗೆ ತುಂಬಿ ಬಿರಡೆ ಬಿಗಿಯಿರಿ ಅಂದೆ. ಅತ್ತೆ ನನ್ನೆದುರೇ ಎರಡು ಸಲ ಒಪ್ಪಿಸಿ ತೋರಿಸಿದರು.

ಸೋಮವಾರ ಬೆಳಿಗ್ಗೆ ಅವರು ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದು, ಅದೇ ರೈಲು ಹತ್ತಲು ನಿಂತಿದ್ದ ನನ್ನ ಕೈಗೆ ಬಾಟಲಿ ಕೊಟ್ಟರು. ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ತಂದಿದ್ದರು. ಮೂರು ಸಲ ತೊಳೆದೆ, ಎಣಿಸಿಕೊಂಡೇ ತೊಳೆದೆ ಅಂದರು. ಜೊತೆಗೆ ಒಂದು ಡಬ್ಬಿ ಅವರೆಕಾಳು ಉಪ್ಪಿಟ್ಟು. ಅದು ಅವರ ಕಡೆಯಿಂದ ಸೇರಿಸಿದ್ದು ಅಂದುಕೊಂಡು ನಗುತ್ತಾ ರೈಲು ಹತ್ತಿದೆ.

ಮಧ್ಯಾಹ್ನ ಪಟ್ಟಿ ಅದ್ದಿದೆ. ಕಣ್ಣೆದುರೇ ಗುಲಾಬಿಯಾಯಿತು.

ಇನ್ನೊಂದು ಪಟ್ಟಿ ಅದ್ದಿದೆ, ಮತ್ತೊಂದು ಅದ್ದಿದೆ. ಮೂರೂ ಗುಲಾಬಿ. ಮೂರು ಸಲ ಮಾಡಿದೆ ಅನ್ನುವ ಧೈರ್ಯದಲ್ಲಿ ಮೂರು ಸಲವೂ ಅದೇ ಬಾಟಲಿ ಅನ್ನುವುದು ತಲೆಗೆ ಹೋಗಲಿಲ್ಲ. ಟಾರ್ಚ್ ಬಿಟ್ಟು ನೋಡಬೇಕಿತ್ತು, ನೋಡಲಿಲ್ಲ. ನೋಡುವ ವ್ಯವಧಾನ ಯಾರಿಗಿತ್ತು? ಇನ್ನೊಂದು ವಿಷಯವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ತಾಮ್ರ ಕರಗಿದ ನೀರಿಗೂ ಈ ಪಟ್ಟಿ ಬಣ್ಣ ತಿರುಗುತ್ತದೆ ಅನ್ನುವುದನ್ನು ನಾನು ಹಿಂದೆಯೇ ನೋಡಿದ್ದೆ. ಗೈಡ್ ಅದರ ಬಗ್ಗೆ ಕೇಳಿದಾಗ, ನಮ್ಮ ಕಡೆಯ ಬಾವಿ ನೀರಿನಲ್ಲಿ ತಾಮ್ರ ಎಲ್ಲಿಂದ ಬರಬೇಕು ಸಾರ್ ಅಂತ ದೊಡ್ಡ ಗಂಟಲಿನಲ್ಲಿ ವಾದಿಸಿ ಗೆದ್ದಿದ್ದೆ.

ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. ಬಾವಿ ನೀರು ಕುಡಿಯಬೇಡಿ, ಹಸುಗಳಿಗೂ ಬೇಡ, ಪಾದರಸ ತೋರಿಸುತ್ತಿದೆ, ಭಾನುವಾರ ಬಂದು ಇನ್ನೊಮ್ಮೆ ನೋಡುತ್ತೇನೆ ಅಂದೆ. ಅತ್ತೆ ಸರಿ ಕಣಮ್ಮ ಅಂದರು. ವಾದ ಮಾಡಲಿಲ್ಲ. ನನ್ನ ಅತ್ತೆ ಯಾವುದಕ್ಕೂ ವಾದ ಮಾಡದೆ ಬಿಡುವವರಲ್ಲ. ಅದು ನನಗೆ ಆಗಲೇ ಹೊಳೆಯಬೇಕಿತ್ತು.

ಆ ವಾರ ಕಾಲೇಜಿನಲ್ಲಿ ಪರೀಕ್ಷೆ, ನನಗೆ ಊರಿಗೆ ಹೋಗಲಾಗಲಿಲ್ಲ. ಸುದ್ದಿ ಮಾತ್ರ, ದಿನವೂ ಅಮ್ಮನಿಗೆ ಫೋನ್ ಮಾಡುತ್ತಿದ್ದ ನನ್ನ ಗಂಡನ ಮೂಲಕ ಬರುತ್ತಿತ್ತು. ಅತ್ತೆ ಡೈರಿಗೆ ಹಾಲು ಹಾಕುವುದನ್ನು ನಿಲ್ಲಿಸಿದ್ದರು. ಹಾಲು ತಪಾಸಣೆ ಮಾಡಿ ಯಾರೂ ಬೇಡ ಅಂದಿರಲಿಲ್ಲ, ಆ ನೀರು ಕುಡಿದ ಹಸುವಿನ ಹಾಲನ್ನು ಇನ್ನೊಬ್ಬರ ಮಕ್ಕಳಿಗೆ ಹೇಗೆ ಕೊಡಲಿ ಅಂತ ಅವರೇ ನಿಲ್ಲಿಸಿದ್ದು. ಮನೆ ಬಾಗಿಲಿಗೆ ಬಂದು ಹಾಲು ಒಯ್ಯುತ್ತಿದ್ದ, ಗಣಿ ಕಾರ್ಮಿಕರ ಲೈನು ಮನೆಯ ತಮಿಳಿನ ಅಕ್ಕನಿಗೂ ಇಲ್ಲ ಅಂದರಂತೆ. ನಮ್ಮ ಕಡೆ ಪಾದರಸವನ್ನು ಬರೀ ರಸ ಅನ್ನುತ್ತಾರೆ. ನೀರಿನಲ್ಲಿ ರಸ ಇದೆಯಂತೆ ಅಂತ ಅತ್ತೆ ಹೇಳಿದರೆ, ಆ ಅಕ್ಕ ಪಾಪ, ನೀರಿಲ್ಲದ ರಸಂ ಯಾರ ಮನೆಯಲ್ಲಿದೆ ಅಂದಳಂತೆ. ಫೋನಿನಲ್ಲಿ ಇದನ್ನು ಕೇಳಿ ನಾನೂ ನನ್ನ ಗಂಡನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ನಕ್ಕರೋ ಇಲ್ಲವೋ ಅಂತ ನಾನು ಕೇಳಲಿಲ್ಲ.

ಭಾನುವಾರ ಪಟ್ಟಿಗಳನ್ನೂ ಟಾರ್ಚನ್ನೂ ಚೀಲಕ್ಕೆ ಹಾಕಿಕೊಂಡು ಊರಿಗೆ ಹೋದೆ. ಬಾವಿಯ ರಾಟೆಯಿಂದ ಹಗ್ಗ ಬಿಚ್ಚಿ ಮಡಿಸಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ಬೀದಿ ನಲ್ಲಿಯಿಂದ ಹೊತ್ತು ತಂದ ನೀರು ಕೊಟ್ಟಿಗೆಯ ಡ್ರಮ್ಮಿನಲ್ಲಿತ್ತು. ಬಾವಿಯ ಪಕ್ಕದಲ್ಲಿ ಮದುವೆಯಾದಾಗಿನಿಂದ ನಾನು ನೋಡುತ್ತಿದ್ದ ಬಟ್ಟೆ ಒಗೆಯುವ ಕಲ್ಲು ಅಲ್ಲಿರಲಿಲ್ಲ. ಅದಿದ್ದ ಜಾಗದಲ್ಲಿ ಹುಲ್ಲು ಹುಟ್ಟದ ಚೌಕ ಉಳಿದಿತ್ತು. ಕಲ್ಲು ಇಪ್ಪತ್ತು ಹೆಜ್ಜೆ ಆಚೆ, ಬೇಲಿಯ ಬುಡದಲ್ಲಿ ಮಗುಚಿ ಬಿದ್ದಿತ್ತು. ಅರವತ್ತು ದಾಟಿದ ಹೆಂಗಸು ಹಾರೆ ಹಾಕಿ ಮೀಟಿ, ಒಬ್ಬರೇ ಅದನ್ನು ಉರುಳಿಸಿದ್ದರು.

ಯಾಕೆ ಅತ್ತೆ ಅಂದೆ. ಅವರು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತರು.

"ನಿಮ್ಮಾವ ಮಿಲ್ಲಿಂದ ಬಂದು ಬಿಚ್ಚಾಕಿದ ಬಟ್ಟೇನೆಲ್ಲಾ ನಾನು ಆ ಕಲ್ ಮ್ಯಾಲೇ ಒಗೀತಿದ್ದೆ. ಒಗೆದ ನೀರು ಬಾವಿ ಕಡೀಕೇ ಅರೀತಿತ್ತು."

ನನ್ನ ಗಂಡನಿಗಿಂತ ಮೊದಲು ಅತ್ತೆಗೆ ಒಂದು ಹೆಣ್ಣುಮಗು ಹುಟ್ಟಿ, ಎಂಟು ತಿಂಗಳಿದ್ದು ಹೋಗಿತ್ತು ಅನ್ನುವುದು ನನಗೆ ಗೊತ್ತಿತ್ತು. ಆ ವಿಷಯವನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅತ್ತೆಯೇ ಎತ್ತಿದರು.

"ನನಗೆ ಆಲು ಸಾಲ್ತಿರ್ಲಿಲ್ಲ. ಈ ನೀರಲ್ಲೇ ರಾಗಿ ಸರಿ ಕಾಯ್ಸಿ ಕುಡಿಸ್ತಿದ್ದೆ. ನೀನು ಓದ್ದೋಳು, ನೀನೇ ಏಳು. ನನ್ ಮಗೂಗೆ ನಾನೇ ವಿಷ ಕುಡಿಸಿದ್ನಾ?"

ಅವರು ಅಳುತ್ತಿರಲಿಲ್ಲ. ಒಂದು ವಾರದಿಂದ ಅದನ್ನೇ ಕೇಳಿಕೊಂಡು ಕೇಳಿಕೊಂಡು, ಅಳು ಮುಗಿದುಹೋಗಿತ್ತೇನೋ. ನಾನು ಒಂದು ಫೋನ್ ಕರೆಯಲ್ಲಿ ಈ ಹೆಂಗಸಿನ ತಲೆಯ ಮೇಲೆ ಎಂಥದನ್ನು ಹೊರಿಸಿದ್ದೆ! ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಅಡುಗೆಮನೆಯ ಗೂಡಿನಲ್ಲಿ ಅತ್ತೆಯ ತಾಮ್ರದ ಚೊಂಬು ಬೋರಲಾಗಿತ್ತು. ದೇವರ ಮುಂದೆ ನೀರಿಡುವ ಚೊಂಬು. ವಾರದಿಂದ ಉಪಯೋಗಿಸದೆ ಬಿಟ್ಟಿದ್ದರಿಂದ ಸ್ವಲ್ಪ ಕಪ್ಪಿಟ್ಟಿತ್ತು. ಆ ಚೊಂಬನ್ನು ನಾನು ಊರಿಗೆ ಬಂದಾಗಲೆಲ್ಲ ಪಾತ್ರೆ ಅಂತ ನೋಡಿದ್ದೆನೇ ಹೊರತು ತಾಮ್ರ ಅಂತ ಒಂದು ದಿನವೂ ನೋಡಿರಲಿಲ್ಲ. ಅದನ್ನು ಹಿಡಿದುಕೊಂಡೇ ಹೊರಗೆ ಓಡಿಬಂದು, ಅವತ್ತು ಬಾಟಲಿಗೆ ನೀರು ತುಂಬಿದ್ದು ಬಿಂದಿಗೆಯಿಂದಲೋ ಇದರಿಂದಲೋ ಅಂತ ಕೇಳಿದೆ.

ಅತ್ತೆಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಇನ್ನು ಯಾವುದರಿಂದ ತುಂಬುತ್ತಾರೆ ಅಂದರು. ಹಿಂದಿನ ಭಾನುವಾರ ಸಾಯಂಕಾಲವೇ ಚೊಂಬಿಗೆ ಹುಣಸೆಹಣ್ಣು ಹಾಕಿ ಬಂಗಾರದಂತೆ ತಿಕ್ಕಿ, ಬಾವಿ ನೀರು ತುಂಬಿ, ದೇವರ ಮುಂದೆ ಇಟ್ಟಿದ್ದರಂತೆ. ಬೆಳಿಗ್ಗೆ ಆ ನೀರಿನಲ್ಲೇ ಬಾಟಲಿಯನ್ನು ಮೂರು ಸಲ ತೊಳೆದು, ಅದನ್ನೇ ತುಂಬಿ ತಂದಿದ್ದರು. ಸೊಸೆಯ ಪರೀಕ್ಷೆಗೆ ಹೋಗುವ ನೀರು, ಸುಮ್ಮನೆ ಬಿಂದಿಗೆಯಿಂದ ಬಗ್ಗಿಸಿ ಕೊಡಲಾಗುತ್ತದೆಯೇ ಅಂದರು. ಉಪ್ಪಿಟ್ಟಲ್ಲ, ಅವರು ಸೇರಿಸಿದ್ದು ಇದು.

ಹುಣಸೆಯ ಹುಳಿ, ತಾಮ್ರ, ಇಡೀ ರಾತ್ರಿ. ಮೊದಲ ವರ್ಷದ ಹುಡುಗಿಯನ್ನು ಕೇಳಿದರೂ ಹೇಳುತ್ತಿದ್ದಳು.

ನಾನು ಹಗ್ಗವನ್ನು ರಾಟೆಗೆ ಹಾಕಿ ನೀರು ಸೇದಿದೆ. ಒಂದು ಗಾಜಿನ ಲೋಟದಲ್ಲಿ ಬಾವಿಯ ನೀರು. ಇನ್ನೊಂದು ಲೋಟಕ್ಕೆ, ಚೊಂಬನ್ನು ಅತ್ತೆಯ ಕೈಯಲ್ಲೇ ಹುಣಸೆಹಣ್ಣು ಹಾಕಿ ತಿಕ್ಕಿಸಿ, ಅದರಲ್ಲಿ ಊಟ ಮುಗಿಯುವವರೆಗೂ ಇಟ್ಟ ಅದೇ ಬಾವಿಯ ನೀರು. ಎರಡಕ್ಕೂ ಪಟ್ಟಿ ಅದ್ದಿದೆ. ಬಾವಿಯದು ಬೆಳ್ಳಗೇ ಉಳಿಯಿತು. ಚೊಂಬಿನದು ಮೆಲ್ಲಗೆ ಗುಲಾಬಿಗೆ ತಿರುಗಿತು. ಇನ್ನು ಟಾರ್ಚ್. ನಡುಮಧ್ಯಾಹ್ನ, ಆ ಹೆಂಚಿನ ಮನೆಯಲ್ಲಿ ಕತ್ತಲೆಂಬುದೇ ಇಲ್ಲ. ಅತ್ತೆ ಒಳಗಿನಿಂದ ಮಾವನ ಕರಿ ಕಂಬಳಿ ತಂದರು. ನಾವಿಬ್ಬರೂ ಅದನ್ನು ಹೊದ್ದು ತಲೆಗೆ ತಲೆ ತಾಗಿಸಿಕೊಂಡು ಕೂತೆವು. ಒಳಗೆ ಸೆಕೆ, ಹಿಂಡಿಯ ವಾಸನೆ, ಅತ್ತೆಯ ಎಲೆಅಡಿಕೆಯ ವಾಸನೆ. ಮಾದರಿಗೆಂದು ಪ್ರಯೋಗಾಲಯದಲ್ಲಿ ಪಾದರಸದಲ್ಲಿ ಅದ್ದಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿಟ್ಟಿದ್ದ ಪಟ್ಟಿಯ ಮೇಲೆ ಮೊದಲು ಬೆಳಕು ಬಿಟ್ಟೆ. ಕೆಂಡದಂತೆ ಬೆಳಗಿತು. ಅತ್ತೆ ಹಿಂದಕ್ಕೆ ಸರಿದರು. ಆಮೇಲೆ ಚೊಂಬಿನ ಪಟ್ಟಿ. ಹಾಗೇ ಮಂಕಾಗಿತ್ತು, ಏನೂ ಬೆಳಗಲಿಲ್ಲ. ತಾಮ್ರ ಬಣ್ಣ ಕೊಡುತ್ತದೆ, ಬೆಳಕು ಕೊಡುವುದಿಲ್ಲ.

ಪಾದರಸ ಇಲ್ಲ ಅತ್ತೆ, ನಿಮ್ಮ ಚೊಂಬು ನನ್ನನ್ನು ಮಂಗ ಮಾಡಿತು ಅಂತ ಹೇಳಿ, ಕಂಬಳಿಯ ಒಳಗೇ ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅತ್ತೆಗೆ ಇಂಥವೆಲ್ಲ ಅಭ್ಯಾಸವಿಲ್ಲ, ಬೆವರು ಕಣಮ್ಮ ಬಿಡು ಅಂದರು. ಹೊರಗೆ ಬಂದು ತಲೆಗೂದಲು ಸರಿಮಾಡಿಕೊಂಡರು. ಬೆಳ್ಳಗೆ ಉಳಿದ ಪಟ್ಟಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಅವರ ಮುಖ ಅರಳುತ್ತದೆ ಅಂತ ಕಾದೆ. ಅರಳಲಿಲ್ಲ.

"ಇದು ಇವತ್ತಿನ ನೀರು. ಅವತ್ತಿನ್ದು?"

ನಾನು ಸುಳ್ಳು ಹೇಳಬಹುದಿತ್ತು. ಯಾರಿಗೂ ತೊಂದರೆಯಿಲ್ಲದ ಸುಳ್ಳು. ಆದರೆ ಒಂದು ವಾರದ ಹಿಂದೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳಿ ಇವರನ್ನು ಈ ಸ್ಥಿತಿಗೆ ತಂದವಳು ನಾನೇ. ಮತ್ತೆ ಅದನ್ನೇ ಮಾಡಲು ಬಾಯಿ ಬರಲಿಲ್ಲ. ಅವತ್ತಿನ ನೀರು ನನಗೆ ಗೊತ್ತಿಲ್ಲ ಅತ್ತೆ ಅಂದೆ. ನೀರು ಹರಿದು, ಇಂಗಿ ಹೋಗಿಬಿಡುತ್ತದೆ. ಪಾದರಸ ಭಾರ, ಅದು ಕೆಳಗಿಳಿದು ಕೆಸರಿಗೆ ಅಂಟಿ ಕೂರುತ್ತದೆ. ಅವತ್ತಿನ ಕೆಸರು ಇದ್ದಿದ್ದರೆ ಹೇಳಬಹುದಿತ್ತು ಅಂದೆ.

ಅತ್ತೆ ಬಾವಿಯ ಕಡೆ ನೋಡಿದರು, ಆಮೇಲೆ ಬಾವಿಯ ಆಚೆ ನಿಂತಿರುವ ತೆಂಗಿನ ಮರದ ಕಡೆ ನೋಡಿದರು.

"ಮಗು ತೀರ್ಕೊಂಡ್ ವರ್ಷದ ಬ್ಯಾಸ್ಗೇಲೇ ಬಾವಿ ಊಳು ಎತ್ತಿದ್ವಿ. ಒಂದು ಗುಂಡಿ ತೋಡಿ ಎಲ್ಲಾ ಅದ್ರೊಳಕ್ಕೇ ಸುರ್ದು, ಮ್ಯಾಲೆ ಆ ಸಸಿ ನೆಟ್ವಿ. ಅದು ಅಲ್ಲೇ ಐತೆ."

ನನ್ನ ಗೈಡ್ ಸೇರಿದಂತೆ ದೊಡ್ಡ ದೊಡ್ಡ ವಿದ್ವಾಂಸರ ಮಾತು ಕೇಳಿದ್ದೇನೆ. ಯಾರೂ ನನ್ನನ್ನು ಅಷ್ಟು ಚೊಕ್ಕವಾಗಿ ದಾರಿಗೆ ಹಚ್ಚಿಲ್ಲ. ಅತ್ತೆಯೇ ಹಾರೆ ತಂದರು, ನಾನು ಕಿತ್ತುಕೊಂಡು ಅಗೆದೆ. ಮೇಲಿನ ಕೆಂಪು ಮಣ್ಣು ಮುಗಿದು, ಮೊಣಕಾಲಿನಷ್ಟು ಆಳದಲ್ಲಿ ಬೇರುಗಳ ನಡುವೆ ನುಣ್ಣನೆಯ ಬೂದಿಬಣ್ಣದ ಮಣ್ಣು ಸಿಕ್ಕಿತು. ಮರದ ನಾಲ್ಕು ಕಡೆಯಿಂದಲೂ ತೆಗೆದೆ. ತುಂಬಲು ಏನು ಬೇಕು, ಪ್ಲಾಸ್ಟಿಕ್ಕೋ ಗಾಜೋ, ತೊಳೆಯಬೇಕೋ ಬೇಡವೋ ಅಂತ ಅತ್ತೆ ಪ್ರತಿಯೊಂದನ್ನೂ ಕೇಳಿ ಮಾಡಿದರು. ತಮ್ಮದೇನೂ ಸೇರಿಸಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

ಮಣ್ಣನ್ನು ಓದುವುದು ನನ್ನ ಪಟ್ಟಿಯ ಕೈಯಲ್ಲಾಗುವ ಕೆಲಸವಲ್ಲ, ಅದಕ್ಕೆ ಪ್ರಯೋಗಾಲಯದ ದೊಡ್ಡ ಯಂತ್ರವೇ ಬೇಕು. ಗೈಡ್‌ಗೆ ಚೊಂಬಿನ ಕಥೆ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಅವರು ಕನ್ನಡಕ ತೆಗೆದು ನಕ್ಕರು. ನಮ್ಮಮ್ಮನೂ ಹಾಗೇ ತಿಕ್ಕುತ್ತಿದ್ದರು ಅಂದರು. ಮಗುವಿನ ವಿಷಯ ಹೇಳಿದ ಮೇಲೆ ಮಾತ್ರ ನಗು ನಿಲ್ಲಿಸಿ, ಯಂತ್ರದ ಸರದಿ ಪಟ್ಟಿಯಲ್ಲಿ ತಮ್ಮ ಮಾದರಿಗಳನ್ನು ಹಿಂದಕ್ಕೆ ಹಾಕಿ ನನ್ನ ಮಣ್ಣನ್ನು ಮುಂದಕ್ಕೆ ಹಾಕಿದರು.

ಆ ದಿನಗಳಲ್ಲಿ ಅತ್ತೆ ಒಮ್ಮೆಯೂ ಫೋನ್ ಮಾಡಿ ಏನಾಯಿತು ಅಂತ ಕೇಳಲಿಲ್ಲ. ಹಾಲು ಡೈರಿಗೆ ಹೋಗುತ್ತಿತ್ತು, ತಮಿಳಿನ ಅಕ್ಕನ ಮನೆಗೂ ಹೋಗುತ್ತಿತ್ತು. ಹಸುಗಳು ಬಾವಿ ನೀರು ಕುಡಿಯುತ್ತಿದ್ದವು. ಅತ್ತೆ ಮಾತ್ರ ಬೀದಿ ನಲ್ಲಿಯ ನೀರೇ ಕುಡಿಯುತ್ತಿದ್ದಾರೆ ಅಂತ ನನ್ನ ಗಂಡ ಹೇಳಿದರು.

ಫಲಿತಾಂಶ ಬಂದ ದಿನ ನಾನು ಫೋನ್ ಮಾಡಲಿಲ್ಲ. ಫೋನಿನಲ್ಲಿ ಕೊಟ್ಟ ಸುದ್ದಿಯ ಗತಿ ನೋಡಿಯಾಗಿತ್ತು. ಬೆಂಗಳೂರಿನಿಂದ ವಾಪಸು ಬರುವಾಗ ಬಂಗಾರಪೇಟೆಯಲ್ಲಿ ಇಳಿಯದೆ ಮಾರಿಕುಪ್ಪಂವರೆಗೂ ಹೋಗಿ, ಆಟೋ ಹಿಡಿದು ಊರು ಸೇರಿದೆ. ಇನ್ನೂ ಬಿಸಿಲಿತ್ತು. ಅತ್ತೆ ಹಾಲು ಕರೆಯಲು ಕೂತಿದ್ದರು. ನಾನು ಕೊಟ್ಟಿಗೆಯ ಬಾಗಿಲಲ್ಲೇ ನಿಂತು, ಯಾವ ಸುತ್ತುಬಳಸೂ ಇಲ್ಲದೆ ಹೇಳಿದೆ. ಆ ಮಣ್ಣಿನಲ್ಲಿ ಎಲ್ಲ ಮಣ್ಣಿನಲ್ಲಿ ಇರುವುದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ಬಟ್ಟೆಯ ನೀರಿನಿಂದ ಬಾವಿಗೆ ಪಾದರಸ ಇಳಿದಿದ್ದರೆ, ಆ ಕೆಸರಿನಲ್ಲಿ ಅದು ಇವತ್ತಿಗೂ ಇರಬೇಕಿತ್ತು. ಇಲ್ಲ. ಮಗು ಯಾಕೆ ಹೋಯಿತೋ ನನಗೆ ಗೊತ್ತಿಲ್ಲ, ನಿಮ್ಮ ನೀರಿನಿಂದ ಅಲ್ಲ.

ಅತ್ತೆ ಕರೆಯುವುದನ್ನು ನಿಲ್ಲಿಸಲಿಲ್ಲ. ಹಣೆಯನ್ನು ಹಸುವಿನ ಹೊಟ್ಟೆಗೆ ಆನಿಸಿಕೊಂಡು, ಕೊನೆಯ ಹನಿಯವರೆಗೂ ಕರೆದರು. ಅವರ ಭುಜ ಅಲುಗುವುದು ಕಾಣುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ.

ಆಮೇಲೆ ಪಾತ್ರೆಯನ್ನು ಬದಿಗಿಟ್ಟು ಎದ್ದು, ಕಲ್ಲಿಗೆ ಒಂದು ಕೈ ಹಾಕು ಬಾ ಅಂದರು. ಇಬ್ಬರೂ ಸೇರಿ ಒಗೆಯುವ ಕಲ್ಲನ್ನು ಬೇಲಿಯಿಂದ ಉರುಳಿಸಿಕೊಂಡು ಬಂದು ಅದರ ಜಾಗದಲ್ಲೇ ಕೂರಿಸಿದೆವು. ನನ್ನ ಸೊಂಟ ಹಿಡಿಯಿತು, ಅವರದು ಹಿಡಿಯಲಿಲ್ಲ. ಅತ್ತೆ ಒಳಗೆ ಹೋಗಿ ಚೊಂಬು ತಂದರು. ಬಾವಿಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಹಾಕಿ ನಿಧಾನವಾಗಿ ತಿಕ್ಕಿ ತೊಳೆದರು. ಒಂದು ಬಿಂದಿಗೆ ಸೇದಿ ಚೊಂಬು ತುಂಬಿದರು. ಎತ್ತಿ ಬಾಯಿಗೆ ಬಿಟ್ಟುಕೊಂಡು, ಅಷ್ಟು ದಿನಗಳ ಮೇಲೆ ತಮ್ಮ ಬಾವಿಯ ನೀರನ್ನು ಗಟಗಟ ಅರ್ಧ ಚೊಂಬು ಕುಡಿದರು. ಉಳಿದರ್ಧವನ್ನು ನನ್ನ ಕೈಗೆ ಕೊಟ್ಟರು.

"ಇದನ್ನ ಟೆಸ್ಟ್ ಗಿಸ್ಟ್ ಮಾಡ್ಬ್ಯಾಡ," ಅಂದರು. "ಕುಡಿ."